ದೋಣಿಯಲ್ಲಿ ಕೂತು ತೆಗೆದ ಚಿತ್ರಗಳು: ನೀರಿನ ಹೊಳಪು, ಅಲುಗಾಟ, ಉಪ್ಪು

ಕಾವೇರಿ ತೀರ (ಮೈಸೂರು):
ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ರಂಗನತಿಟ್ಟಿಗೆ ಹೋಗಿದ್ದೆ. ದೋಣಿಯಲ್ಲಿ ಒಂದು ಸುತ್ತು ಬರುವಷ್ಟರಲ್ಲಿ 140 ಚಿತ್ರಗಳನ್ನು ತೆಗೆದೆ. ಮನೆಗೆ ಬಂದು ನೋಡಿದರೆ ಇಟ್ಟುಕೊಳ್ಳುವಂಥವು ಎರಡೇ ಎರಡು. ಮರದ ನೆರಳಿನಲ್ಲಿ ಕೂತಿದ್ದ ಚಮಚದ ಕೊಕ್ಕಿನ ಹಕ್ಕಿಗಳೆಲ್ಲ ಸುಣ್ಣದ ಉಂಡೆಗಳಂತೆ ಬೆಳ್ಳಗಾಗಿವೆ, ಒಂದು ಗರಿಯೂ ಕಾಣುವುದಿಲ್ಲ. ದೋಣಿ ತಿರುಗಿ ಬಿಸಿಲಿಗೆ ಎದುರಾದಾಗ ತೆಗೆದವುಗಳಲ್ಲಿ ನೀರು ತಗಡಿನಂತೆ ಹೊಳೆಯುತ್ತಿದೆ, ಹಕ್ಕಿ ಮಾತ್ರ ಕರಿ ನೆರಳು. ಉಳಿದವು ಅಲುಗಾಡಿವೆ. ನನ್ನಲ್ಲಿರುವುದು ಸಾಧಾರಣ ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು 70–300 ಮಿ.ಮೀ. ಲೆನ್ಸ್. ಹೊಳಪು ಕಳೆಯಲು ಪೋಲರೈಸರ್ ಫಿಲ್ಟರ್ ಕೊಳ್ಳಬೇಕೆಂದು ಅಂಗಡಿಯವರು ಹೇಳುತ್ತಾರೆ. ಡಿಸೆಂಬರಿನಲ್ಲಿ ನಾನೂ ನನ್ನ ತಂಗಿಯೂ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಬಾರಿಗೆ ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಇಳಿಯುವುದು) ಮಾಡುವವರಿದ್ದೇವೆ. ಅಲ್ಲಿ ನೀರಿನೊಳಗೆ ಚಿತ್ರ ತೆಗೆಯುವ ಆಸೆಯೂ ಇದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಹಳೆಯ ಗಾಜು (ಬೆಂಗಳೂರು):
ಫಿಲ್ಟರ್ ಕೊಳ್ಳುವ ಮೊದಲು ನಿಮ್ಮ ಎರಡು ತೊಂದರೆಗಳಿಗೂ ಕಾರಣ ಒಂದೇ ಎಂಬುದನ್ನು ಗಮನಿಸಿ. ಕ್ಯಾಮೆರಾದ ಬೆಳಕಿನ ಮಾಪಕವು ಎದುರಿಗೆ ಕಂಡದ್ದನ್ನೆಲ್ಲ ಸರಾಸರಿ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಮರದ ನೆರಳು ಬಿದ್ದ ಕಡುಹಸಿರು ನೀರು ಚೌಕಟ್ಟಿನ ಮುಕ್ಕಾಲು ಭಾಗವನ್ನು ತುಂಬಿದಾಗ ಅದು ಕತ್ತಲಾಯಿತೆಂದು ತಿಳಿದು ಬೆಳಕನ್ನು ಏರಿಸುತ್ತದೆ, ಅದರ ನಡುವೆ ಕೂತ ಬಿಳಿ ಹಕ್ಕಿಯ ಗರಿಗಳ ವಿವರವೆಲ್ಲ ಅಳಿದು ಬರೀ ಬೆಳ್ಳಗಾಗುತ್ತದೆ. ಬಿಸಿಲಿಗೆ ಹೊಳೆಯುವ ನೀರು ತುಂಬಿದಾಗ ಇದರ ವಿರುದ್ಧವಾಗಿ ಬೆಳಕನ್ನು ಇಳಿಸುತ್ತದೆ, ಹಕ್ಕಿ ಕಪ್ಪಾಗುತ್ತದೆ. ಆದ್ದರಿಂದ ಕಪ್ಪು ನೀರಿನ ಮುಂದೆ ಬಿಳಿ ಹಕ್ಕಿ ಇದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು, ಅಂದರೆ ಮಾಪಕ ಲೆಕ್ಕಹಾಕಿದ ಬೆಳಕನ್ನು ನಾವೇ ಏರಿಸಿ ಇಳಿಸುವ ಸೌಲಭ್ಯವನ್ನು, ಮೈನಸ್ ಮುಕ್ಕಾಲಿನಿಂದ ಒಂದು ಸ್ಟಾಪಿನವರೆಗೆ ಇಳಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟಾಗುವುದು ಅಥವಾ ಅರ್ಧವಾಗುವುದು). ಹೊಳೆಯುವ ನೀರಿನ ಮುಂದೆ ಹಕ್ಕಿಯ ಬಣ್ಣ ಬೇಕೆಂದರೆ ಪ್ಲಸ್ ಒಂದರವರೆಗೆ ಏರಿಸಿ. ದೋಣಿ ತಿರುಗಿದ ಹಾಗೆಲ್ಲ ಇದನ್ನು ಬದಲಿಸುತ್ತಲೇ ಇರಬೇಕು. ಹಿಂಬದಿಯ ಪರದೆಯಲ್ಲಿ ಚಿತ್ರಕ್ಕಿಂತ ಹಿಸ್ಟೋಗ್ರಾಂ (ಚಿತ್ರದ ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ಹಂಚಿಕೆ ತೋರುವ ನಕ್ಷೆ) ನೋಡುವುದು ಮೇಲು, ಏಕೆಂದರೆ ನದಿಯ ನಡುವೆ ಬಿಸಿಲಿನಲ್ಲಿ ಪರದೆಯ ಬೆಳಕು ನಮ್ಮ ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ.

ಪೋಲರೈಸರ್ ಬಗ್ಗೆ ಅಂಗಡಿಯವರು ಹೇಳಿದ್ದು ಅರ್ಧ ಸತ್ಯ. ನೀರಿನ ಮೇಲಿಂದ ಪ್ರತಿಫಲಿಸುವ ಬೆಳಕನ್ನು ಅದು ಸಂಪೂರ್ಣ ತಡೆಯುವುದು ಒಂದು ನಿರ್ದಿಷ್ಟ ಕೋನದಲ್ಲಿ ಮಾತ್ರ: ನಾವು ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಮೇಲಿನಿಂದ ನೋಡುತ್ತಿರುವಾಗ. ಸೇತುವೆಯ ಮೇಲೆ ಅಥವಾ ಎತ್ತರದ ದಡದಲ್ಲಿ ನಿಂತು ಹತ್ತಿರದ ನೀರನ್ನು ನೋಡಿದರೆ ಅದು ಪವಾಡದಂತೆ ಕೆಲಸ ಮಾಡುತ್ತದೆ. ಫಿಲ್ಟರನ್ನು ನಿಧಾನವಾಗಿ ತಿರುಗಿಸುತ್ತಿದ್ದಂತೆ ಹೊಳಪಿನ ಪೊರೆ ಕಳಚಿ ತಳದ ಕಲ್ಲು, ಮೀನು, ಪಾಚಿಯ ಎಳೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಆದರೆ ದೋಣಿಯಲ್ಲಿ ಕೂತವರ ಕಣ್ಣು ನೀರಿನಿಂದ ಮೂರಡಿ ಎತ್ತರದಲ್ಲಿರುತ್ತದೆ, ಹಕ್ಕಿ ಮೂವತ್ತು ಮೀಟರ್ ದೂರದಲ್ಲಿರುತ್ತದೆ. ಆ ತೀರ ಓರೆ ನೋಟದಲ್ಲಿ ಫಿಲ್ಟರಿನಿಂದ ಸಿಗುವ ಲಾಭ ಅಲ್ಪ, ಅದು ಕಸಿದುಕೊಳ್ಳುವ ಬೆಳಕು ಮಾತ್ರ ಒಂದೂವರೆ ಸ್ಟಾಪಿನಷ್ಟು. ನಿಮ್ಮ ಚಿತ್ರಗಳು ಈಗಾಗಲೇ ಅಲುಗಾಡಿವೆ. ಶಟರ್ ವೇಗವನ್ನು (ಬೆಳಕು ಒಳಬಿಡುವ ಬಾಗಿಲು ತೆರೆದು ಮುಚ್ಚುವ ವೇಗವನ್ನು) ಇನ್ನೂ ತಗ್ಗಿಸುವ ಗಾಜನ್ನು ಹಾಕಿ ಪ್ರಯೋಜನವಿಲ್ಲ.

ನದಿಪಾತ್ರ (ಶ್ರೀರಂಗಪಟ್ಟಣ):
ನಾನು ಹದಿನೈದು ವರ್ಷಗಳಿಂದ ರಂಗನತಿಟ್ಟಿನ ದೋಣಿಗಳಲ್ಲಿ ಕೂತು ಚಿತ್ರ ತೆಗೆಯುತ್ತಿದ್ದೇನೆ. ಅಲುಗಾಟದ ಬಗ್ಗೆ ಒಂದು ಮಾತು. ದೋಣಿಯಲ್ಲಿ ಟ್ರೈಪಾಡ್ ನೆಟ್ಟರೆ ದೋಣಿಯ ಅಲುಗಾಟವೆಲ್ಲ ಅದರ ಕಾಲುಗಳ ಮೂಲಕ ಕ್ಯಾಮೆರಾಕ್ಕೆ ಬರುತ್ತದೆ. ಲೆನ್ಸನ್ನು ದೋಣಿಯ ಅಂಚಿಗೆ ಒರಗಿಸುವುದೂ ಅಷ್ಟೇ ತಪ್ಪು. ನಮ್ಮ ದೇಹವೇ ಒಳ್ಳೆಯ ಸ್ಪ್ರಿಂಗ್: ಕಾಲುಗಳನ್ನು ಅಗಲಿಸಿ ಕೂತು, ಮೊಣಕೈಗಳನ್ನು ಮಂಡಿಯ ಮೇಲೂರಿ, ಹುಟ್ಟು ನೀರಿನಿಂದ ಮೇಲೆದ್ದು ದೋಣಿ ತಾನಾಗಿ ಜಾರುವ ಆ ಒಂದೆರಡು ಕ್ಷಣಗಳಲ್ಲಿ ಗುಂಡಿ ಒತ್ತಬೇಕು. 300 ಮಿ.ಮೀ.ನಲ್ಲಿ ಕೂತ ಹಕ್ಕಿಗೆ ಶಟರ್ ವೇಗ 1/1000 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ. ನೀರಿಗೆ ಧುಮುಕುವ ರೀವ (ಟರ್ನ್) ಹಕ್ಕಿಗಳಿಗೆ, ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ನೆಟ್ಟಗೆ ಬೀಳುವ ಕಪ್ಪುಬಿಳುಪು ಮಿಂಚುಳ್ಳಿಗೆ 1/2000 ಆದರೂ ಬೇಕು. ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800 ಅಥವಾ 1600ಕ್ಕೆ ಏರಿದರೆ ಏರಲಿ. ಚಿತ್ರದಲ್ಲಿ ಕಾಳುಕಾಳು ಕಂಡರೆ ಆಮೇಲೆ ತಿದ್ದಬಹುದು, ಅಲುಗಿದ ಕಣ್ಣನ್ನು ತಿದ್ದಲಾಗುವುದಿಲ್ಲ.

ಇನ್ನೊಂದು ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನನಗೆ ಅದು ತಂತ್ರಕ್ಕಿಂತ ಮುಖ್ಯ. ಆ ನಡುಗಡ್ಡೆಗಳು ಉಂಟಾದದ್ದು ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ. ಪಕ್ಷಿತಜ್ಞ ಸಲೀಂ ಅಲಿಯವರು ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಮೈಸೂರಿನ ಅರಸರಿಗೆ ಮನವರಿಕೆ ಮಾಡಿಕೊಟ್ಟ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಷ್ಟು ವರ್ಷಗಳಿಂದ ಹಕ್ಕಿಗಳು ದೋಣಿಗಳನ್ನು ನೋಡಿ ನೋಡಿ ರೂಢಿಸಿಕೊಂಡಿವೆ. ಅವು ರೂಢಿಸಿಕೊಂಡಿರುವುದು ಮೆಲ್ಲಗೆ ಸಾಗುವ ದೋಣಿಗೆ ಮತ್ತು ಅದರಲ್ಲಿ ಕೂತಿರುವ ಮನುಷ್ಯರಿಗೆ. ಎದ್ದು ನಿಂತ ಮನುಷ್ಯನಿಗಲ್ಲ. ಒಮ್ಮೆ ನಮ್ಮ ದೋಣಿಯಲ್ಲಿದ್ದ ಒಬ್ಬರು ಬಣ್ಣದ ಕೊಕ್ಕರೆಯ ಗೂಡು ಚೆನ್ನಾಗಿ ಕಾಣಲೆಂದು ಎದ್ದು ನಿಂತರು. ದೋಣಿ ನಡೆಸುತ್ತಿದ್ದವರು ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು, “ಕೂತ್ಕೊಳಿ ಸ್ವಾಮಿ, ನೀವೆದ್ರೆ ತಾಯಿ ಏಳ್ತದೆ, ತಾಯಿ ಎದ್ರೆ ಮರಿಗೆ ಬಿಸ್ಲು ಬೀಳ್ತದೆ” ಎಂದರು. ಅವರು ಹೇಳಿದ ಹಾಗೆಯೇ ಆಯಿತು. ತಾಯಿ ಹಕ್ಕಿ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿತು, ಅಲ್ಲಿಯವರೆಗೆ ಅದರ ರೆಕ್ಕೆಯ ನೆರಳಿನಲ್ಲಿದ್ದ ಎರಡು ಮರಿಗಳು ಬಾಯಿ ತೆರೆದು ಗಂಟಲು ಅದುರಿಸುತ್ತ ಏದುಸಿರು ಬಿಡತೊಡಗಿದವು. ನಾವು ಹಿಂದಕ್ಕೆ ಸರಿದು ಅದು ಮತ್ತೆ ಗೂಡಿಗೆ ಬಂದು ರೆಕ್ಕೆ ಹರಡುವವರೆಗೆ ಯಾರೂ ಕ್ಯಾಮೆರಾ ಎತ್ತಲಿಲ್ಲ.

ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಗಳನ್ನು ಕಂಡು ಕೈಯನ್ನು ದೋಣಿಯ ಹೊರಗೆ ಚಾಚುವವರೂ ಇದ್ದಾರೆ. ಕ್ಯಾಮೆರಾದ ಪಟ್ಟಿ ಕುತ್ತಿಗೆಯಲ್ಲಿರಲಿ, ಕೈಗಳು ದೋಣಿಯ ಒಳಗಿರಲಿ.

ಮಲೆನಾಡ ಮಳೆ (ಸಾಗರ):
ಚರ್ಚೆ ಪೋಲರೈಸರ್ ಕಡೆಗೆ ಬಂದಿರುವುದರಿಂದ ಜೋಗದ ಒಂದು ಅನುಭವವನ್ನು ಸೇರಿಸುತ್ತೇನೆ. ಸೂರ್ಯನಿಗೆ ಬೆನ್ನು ಹಾಕಿ ನಿಂತಾಗ ಜಲಪಾತದ ತುಂತುರಿನಲ್ಲಿ ಕಾಮನಬಿಲ್ಲು ಮೂಡುವುದು ನಿಮಗೆಲ್ಲ ಗೊತ್ತಿದೆ. ನೀರಿನ ಹೊಳಪಿನ ಹಾಗೆ ಕಾಮನಬಿಲ್ಲಿನ ಬೆಳಕೂ ಬಹುಮಟ್ಟಿಗೆ ಪೋಲರೈಸ್ ಆದ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕೇ. ಹಾಗಾಗಿ ಒದ್ದೆ ಬಂಡೆಯ ಹೊಳಪು ಕಳೆಯಲೆಂದು ಫಿಲ್ಟರ್ ತಿರುಗಿಸುತ್ತಿರುವಾಗ ಒಂದು ಹಂತದಲ್ಲಿ ಬಿಲ್ಲು ಕಣ್ಣೆದುರಿಗೇ ಕರಗಿ ಮಾಯವಾಗುತ್ತದೆ, ಇನ್ನಷ್ಟು ತಿರುಗಿಸಿದರೆ ಮೊದಲಿಗಿಂತ ಗಾಢವಾಗಿ ಮರಳುತ್ತದೆ. ಮೊದಲ ಸಲ ನಾನು ಇದನ್ನು ತಿಳಿಯದೆ ಒಂದು ಇಡೀ ಬೆಳಗಿನ ಚಿತ್ರಗಳನ್ನು ಬಿಲ್ಲಿಲ್ಲದೆ ತೆಗೆದುಕೊಂಡು ಬಂದಿದ್ದೆ.

ಜಲಪಾತಗಳ ಚಿತ್ರದಲ್ಲಿ ನೀರನ್ನು ಹಾಲಿನ ನೊರೆಯಂತೆ ಮಾಡುವ ರೂಢಿಯ ಬಗ್ಗೆಯೂ ಹೇಳಬೇಕೆನಿಸುತ್ತದೆ. ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕನ್ನು ತಗ್ಗಿಸುವ ಕಪ್ಪು ಗಾಜು) ಹಾಕಿದರೆ 1/60 ಸೆಕೆಂಡಿನ ಚಿತ್ರ ಹದಿನಾರು ಸೆಕೆಂಡಿನದಾಗುತ್ತದೆ, ಆಗ ಯಾವ ಜಲಪಾತವೂ ನೇತುಹಾಕಿದ ಬಿಳಿ ಬಟ್ಟೆಯೇ. ಜೋಗದಲ್ಲಿ ಶರಾವತಿ 253 ಮೀಟರ್ ಕೆಳಗೆ ಧುಮುಕುತ್ತದೆ. ರಾಜ, ರೋರರ್, ರಾಕೆಟ್, ರಾಣಿ ನಾಲ್ಕಕ್ಕೂ ನಾಲ್ಕು ಬಗೆಯ ನಡೆ. ರಾಜ ಒಂದೇ ಕಂಬವಾಗಿ ಬೀಳುತ್ತಾನೆ, ರೋರರ್ ಬಂಡೆಗೆ ಅಪ್ಪಳಿಸಿ ಒಡೆಯುತ್ತದೆ, ರಾಕೆಟ್ ಕವಲೊಡೆದು ಚಿಮ್ಮುತ್ತದೆ, ರಾಣಿ ಬಂಡೆಯನ್ನು ಸವರಿಕೊಂಡು ಇಳಿಯುತ್ತಾಳೆ. ಮಳೆಗಾಲದ ತುಂಬುನೀರಿಗೆ ನಾನು 1/250 ಇಡುತ್ತೇನೆ, ಈ ಭೇದವೆಲ್ಲ ಉಳಿಯುತ್ತದೆ. ಚಳಿಗಾಲದಲ್ಲಿ ನೀರು ನಾಲ್ಕು ಎಳೆಗಳಾಗಿ ಬತ್ತಿದಾಗ ಅರ್ಧ ಸೆಕೆಂಡು, ಒಂದು ಸೆಕೆಂಡು ಇಟ್ಟರೆ ರಾಣಿ ನಿಜಕ್ಕೂ ಚೆಲುವಾಗಿ ಬರುತ್ತಾಳೆ. ಎಲ್ಲ ಋತುವಿಗೂ ಎಲ್ಲ ಜಲಪಾತಕ್ಕೂ ಒಂದೇ ಪಾಕ ಎರೆಯುವುದನ್ನು ನಾನು ಒಪ್ಪುವುದಿಲ್ಲ.

ಹಳೆಯ ಗಾಜು (ಬೆಂಗಳೂರು):
ಜೋಗದ ಬಗ್ಗೆ ನೀವು ಹೇಳಿದ್ದು ನನಗೂ ಒಪ್ಪಿಗೆ. ಆದರೆ ನಿಂತ ನೀರಿನಲ್ಲಿ ದೀರ್ಘ ಎಕ್ಸ್‌ಪೋಷರ್ ಬೇರೆಯೇ ಕೆಲಸ ಮಾಡುತ್ತದೆ, ಅದನ್ನು ಪೂರ್ತಿ ತಳ್ಳಿಹಾಕಬಾರದು. ಬಾದಾಮಿಯ ಅಗಸ್ತ್ಯ ತೀರ್ಥದ ದಡದಲ್ಲಿ ಗಾಳಿಯಿರುವ ಸಂಜೆ ಭೂತನಾಥ ದೇವಾಲಯದ ಬಿಂಬ ಚೂರುಚೂರಾಗಿ ಕಾಣುತ್ತದೆ. ಎಂಟು ಹತ್ತು ಸೆಕೆಂಡು ಶಟರ್ ತೆರೆದಿಟ್ಟರೆ ಸಣ್ಣ ಅಲೆಗಳೆಲ್ಲ ಒಂದರ ಮೇಲೊಂದು ಕೂಡಿ ಬಿಂಬದ ಒಟ್ಟು ಆಕಾರ ಮೃದುವಾಗಿ ಮರಳುತ್ತದೆ. ಬಿಂಬ ತೆಗೆಯುವವರು ಎರಡು ವಿಷಯ ನೆನಪಿಡಿ. ಬಿಂಬದಲ್ಲಿರುವ ದೇವಾಲಯದ ದೂರ ನೀರಿನ ಮೇಲ್ಮೈಯ ದೂರವಲ್ಲ, ಕ್ಯಾಮೆರಾದಿಂದ ನೀರಿಗೆ, ಅಲ್ಲಿಂದ ದೇವಾಲಯಕ್ಕೆ ಇರುವ ಒಟ್ಟು ದೂರ. ಆದ್ದರಿಂದ ಫೋಕಸ್ ದೇವಾಲಯದ ಮೇಲೆಯೇ ಇರಬೇಕು. ಮತ್ತೆ, ಬಿಂಬವೆಂಬುದು ಮೇಲಿನ ದೃಶ್ಯದ ತಲೆಕೆಳಗಾದ ಪ್ರತಿಯಲ್ಲ. ನೀರಿನ ಅಡಿಯಿಂದ ಯಾರೋ ತಲೆಯೆತ್ತಿ ನೋಡಿದರೆ ಕಾಣುವ ನೋಟ ಅದು. ಅದಕ್ಕೇ ಬಿಂಬದಲ್ಲಿ ಸೂರಿನ ಕೆಳಮೈ ಹೆಚ್ಚು ಕಾಣುತ್ತದೆ, ಕ್ಯಾಮೆರಾವನ್ನು ನೀರಿಗೆ ಹತ್ತಿರ ಇಳಿಸಿದಷ್ಟೂ ಎರಡು ನೋಟಗಳು ಒಂದನ್ನೊಂದು ಹೋಲತೊಡಗುತ್ತವೆ.

ಆಳನೀರು (ಮಸ್ಕತ್):
ನಾನು ಹುಟ್ಟಿದ್ದು ಅಂಕೋಲೆಯಲ್ಲಿ, ಇರುವುದು ಒಮಾನಿನಲ್ಲಿ. ಇಲ್ಲಿಯ ದೈಮಾನಿಯತ್ ದ್ವೀಪಗಳ ಸುತ್ತ ಡೈವ್ ಮಾಡುತ್ತೇನೆ, ಊರಿಗೆ ಬಂದಾಗ ನೇತ್ರಾಣಿಗೂ ಹೋಗಿದ್ದೇನೆ. ಕಾವೇರಿ ತೀರದವರ ನೀರೊಳಗಿನ ಪ್ರಶ್ನೆಗೆ ಉತ್ತರಿಸುತ್ತೇನೆ.

ಮೊದಲನೆಯದಾಗಿ, ಮೊದಲ ಡೈವಿನಲ್ಲಿ ಕ್ಯಾಮೆರಾ ಒಯ್ಯಬೇಡಿ. ನಿಷ್ಠುರವಾಗಿ ಹೇಳುತ್ತಿದ್ದೇನೆಂದು ಬೇಸರಿಸಬಾರದು. ಉಸಿರಾಟ ಸಮವಾಗಿರಬೇಕು, ಕಿವಿಯ ಒತ್ತಡವನ್ನು ಮೀಟರಿಗೊಮ್ಮೆ ಸರಿಪಡಿಸಿಕೊಳ್ಳಬೇಕು, ಜೊತೆಗಿರುವ ತರಬೇತುದಾರರ ಕೈಸನ್ನೆಗೆ ಕೂಡಲೇ ಉತ್ತರಿಸಬೇಕು. ಇವೆಲ್ಲ ಹೊಸದಾಗಿರುವಾಗ ಕೈಯಲ್ಲಿ ಒಂದು ವಸ್ತು ಇದ್ದರೆ ಗಮನ ಅದರ ಮೇಲೆಯೇ ಇರುತ್ತದೆ. ಹೊಸಬರು ಚಿತ್ರಕ್ಕಾಗಿ ಸ್ಥಿರವಾಗಿ ನಿಲ್ಲಲು ಹೋಗಿ ಹವಳದ ಮೇಲೆ ಕೈ ಊರುವುದನ್ನು, ಕಾಲಿನ ರೆಕ್ಕೆಯಿಂದ ಅದನ್ನು ಮುರಿಯುವುದನ್ನು ನಾನು ಹಲವು ಸಲ ನೋಡಿ ನೊಂದಿದ್ದೇನೆ. ದೋಣಿಯ ಪಕ್ಕದಲ್ಲೇ ಸ್ನಾರ್ಕೆಲ್ (ನೀರಿನ ಮೇಲಿಂದ ಉಸಿರೆಳೆಯುವ ಕೊಳವೆ) ಹಾಕಿಕೊಂಡು ತೇಲುತ್ತ ಚಿತ್ರ ತೆಗೆಯಿರಿ, ಅಲ್ಲೇ ಬೇಕಾದಷ್ಟಿದೆ.

ಎರಡನೆಯದು ಬಣ್ಣ. ನೀರು ಮೊದಲು ಕೆಂಪನ್ನು ನುಂಗುತ್ತದೆ. ಐದು ಮೀಟರ್ ಆಗುವಷ್ಟರಲ್ಲಿ ಕೆಂಪು ಬಹುಪಾಲು ಹೋಗಿರುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಇಲ್ಲಿ ಲೆಕ್ಕಕ್ಕೆ ಬರುವುದು ಆಳ ಮಾತ್ರವಲ್ಲ, ಬೆಳಕು ನೀರಿನಲ್ಲಿ ಸಾಗಿದ ಒಟ್ಟು ದಾರಿ. ಮೂರು ಮೀಟರ್ ಆಳದಲ್ಲಿರುವ ಮೀನನ್ನು ಮೂರು ಮೀಟರ್ ದೂರದಿಂದ ತೆಗೆದರೆ ಬೆಳಕು ಆರು ಮೀಟರ್ ನೀರನ್ನು ದಾಟಿ ಬಂದಿರುತ್ತದೆ. ಆದ್ದರಿಂದ ನೀರೊಳಗೆ ಝೂಮ್ ಮಾಡುವುದೆಂದರೆ ನಡುವಿನ ನೀರನ್ನೇ ದೊಡ್ಡದು ಮಾಡಿದಂತೆ. ಅಗಲ ನೋಟದ ಲೆನ್ಸ್ ಇಟ್ಟುಕೊಂಡು, ಪ್ರಾಣಿ ಬೆದರದಷ್ಟು ನಿಧಾನವಾಗಿ, ಒಂದು ಮೀಟರಿನೊಳಗೆ ಹೋಗುವುದೇ ದಾರಿ. ರಾ ಕಡತದಲ್ಲಿ (ಕ್ಯಾಮೆರಾ ತಿದ್ದದ ಮೂಲ ಕಡತದಲ್ಲಿ) ತೆಗೆದರೆ ವೈಟ್ ಬ್ಯಾಲೆನ್ಸ್ ಅನ್ನು (ಬಣ್ಣಗಳ ಸಮತೋಲವನ್ನು) ಮನೆಯಲ್ಲಿ ತಿದ್ದಲು ಸಾಧ್ಯ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ, ನೆಲದ ಮೇಲಿನವರು ಕ್ಯಾಮೆರಾ ಒಳಗಿಡುವ ಹೊತ್ತು, ನಮಗೆ ಒಳ್ಳೆಯ ಹೊತ್ತು. ಸೂರ್ಯ ನೆತ್ತಿಯ ಮೇಲಿದ್ದಾಗ ಬೆಳಕು ಹೆಚ್ಚು ಪ್ರತಿಫಲಿಸದೆ ಒಳಗಿಳಿಯುತ್ತದೆ. ಕ್ಯಾಮೆರಾದ ಮೈಗೆ ಅಂಟಿದ ಫ್ಲ್ಯಾಶ್ ಬಳಸಬೇಡಿ. ನೀರಿನಲ್ಲಿ ತೇಲುವ ಕಣಗಳೆಲ್ಲ ಅದರ ಬೆಳಕಿಗೆ ಹಿಮ ಬಿದ್ದಂತೆ ಬೆಳ್ಳಗೆ ಕಾಣುತ್ತವೆ.

ಕ್ಯಾಮೆರಾಕ್ಕೆ ನೀರು ತಾಗದಂತೆ ಹಾಕುವ ಚಪ್ಪಟೆ ಗಾಜಿನ ಕವಚದಲ್ಲಿ ವಸ್ತುಗಳು ಇರುವುದಕ್ಕಿಂತ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಕಾಲು ಭಾಗದಷ್ಟು ಹತ್ತಿರವಿರುವಂತೆ ಕಾಣುತ್ತವೆ ಎಂಬುದನ್ನೂ ಗಮನದಲ್ಲಿಡಿ. ಕೈ ಚಾಚಿದರೆ ಸಿಗುತ್ತದೆ ಅನಿಸಿದ್ದು ಸಿಗುವುದಿಲ್ಲ.

ಕಡಲಕರೆ (ಕುಂದಾಪುರ):
ಉಪ್ಪಿನ ಮಾತು ಇನ್ನೂ ಯಾರೂ ಎತ್ತಿಲ್ಲ. ಫೋನಿನ ಮೇಲೆ ಐಪಿ68 (ಧೂಳು, ನೀರು ತಡೆಯುವ ಮಟ್ಟದ ಗುರುತು) ಎಂದು ಬರೆದಿದೆ, ಹಾಗಾಗಿ ಸಮುದ್ರಕ್ಕೂ ಇಳಿಸಬಹುದು ಎಂದು ನಂಬಿ ಕೆಟ್ಟವರು ನಮ್ಮಲ್ಲಿ ಬಹಳ ಮಂದಿ. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಅಲುಗದ ನೀರಿನಲ್ಲಿ, ಹೊಸ ಸಾಧನದ ಮೇಲೆ. ಕೆಳಗೆ ಬಿದ್ದು ಮೂಲೆ ಜಜ್ಜಿದ ಫೋನಿಗೂ ಉಪ್ಪುನೀರಿನ ಅಲೆಗೂ ಅದು ಅನ್ವಯಿಸುವುದಿಲ್ಲ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿರುವುದರ ಎರಡರಷ್ಟಾಗುತ್ತದೆ, ಹಾಗಾಗಿ ಒಳಗಿಳಿಸುವ ಯಾವುದಕ್ಕೂ ಪ್ರತ್ಯೇಕ ಕವಚ ಬೇಕು.

ಕವಚದ ಜೀವವಿರುವುದು ಅದರ ರಬ್ಬರ್ ಬಳೆಯಲ್ಲಿ, ಅಂದರೆ ಓ-ರಿಂಗಿನಲ್ಲಿ. ಮೂರು ವರ್ಷಗಳ ಹಿಂದೆ ನನ್ನ ಕವಚದೊಳಗೆ ನೀರು ನುಗ್ಗಿ ಕ್ಯಾಮೆರಾ ಹಾಳಾಯಿತು. ಕವಚ ಒಡೆದಿರಬೇಕೆಂದೇ ತಿಳಿದಿದ್ದೆ. ರಾತ್ರಿ ಟಾರ್ಚನ್ನು ಓರೆಯಾಗಿ ಹಿಡಿದು ಬಳೆಯನ್ನು ಇಂಚಿಂಚು ತಿರುಗಿಸಿ ನೋಡಿದಾಗ ಸಿಕ್ಕಿದ್ದು ಒಂದು ಕೂದಲು. ಅರ್ಧ ಇಂಚು ಉದ್ದವಿದ್ದಿರಬಹುದು, ಬಳೆಗೆ ಅಡ್ಡಲಾಗಿ ಅಂಟಿತ್ತು. ಅದರ ಪಕ್ಕದಲ್ಲಿ ಒಣಗಿದ ಉಪ್ಪಿನ ಸಣ್ಣ ಗೆರೆ, ನೀರು ನಡೆದ ದಾರಿ. ಅಂದಿನಿಂದ ಕವಚ ಮುಚ್ಚುವುದನ್ನು ಹಿಂದಿನ ರಾತ್ರಿಯೇ, ಫ್ಯಾನ್ ಆರಿಸಿ, ಒಳ್ಳೆಯ ಬೆಳಕಿನಲ್ಲಿ ಕೂತು ಮಾಡುತ್ತೇನೆ. ಬಳೆಯನ್ನು ಬೆರಳಿನಿಂದ ಸವರಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಿ ಮುಚ್ಚುತ್ತೇನೆ. ಕ್ಯಾಮೆರಾ ಇಡುವ ಮೊದಲು ಖಾಲಿ ಕವಚವನ್ನು ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ನೋಡುತ್ತೇನೆ.

ಸಮುದ್ರದಿಂದ ಬಂದ ಮೇಲೆ ಕವಚವನ್ನು ತೆರೆಯುವ ಮುನ್ನ ಅರ್ಧ ಗಂಟೆ ಸಿಹಿನೀರಿನಲ್ಲಿ ನೆನೆಹಾಕಿ, ಅದರ ಗುಂಡಿಗಳನ್ನೆಲ್ಲ ಒತ್ತಿ ಬಿಡಿ. ಸಂದುಗಳಲ್ಲಿ ಒಣಗಿದ ಉಪ್ಪು ಹರಳಾಗಿ ರಬ್ಬರನ್ನು ಕೊರೆಯುತ್ತದೆ. ಲೆನ್ಸಿನ ಮೇಲೆ ಕಡಲ ತುಂತುರು ಒಣಗಿದ್ದರೆ ಒಣ ಬಟ್ಟೆಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ತುಸು ಒದ್ದೆ ಮಾಡಿದ ಮೃದು ಬಟ್ಟೆಯಿಂದ ಮೊದಲು ಉಪ್ಪನ್ನು ಕರಗಿಸಿ ತೆಗೆಯಿರಿ. ಕ್ಯಾಮೆರಾದ ಒಳಗೇ ನೀರು ಹೋದರೆ ಆ ಕ್ಷಣವೇ ಬ್ಯಾಟರಿ ತೆಗೆಯಿರಿ, ಕೆಲಸ ಮಾಡುತ್ತದೆಯೋ ಎಂದು ನೋಡಲು ಆನ್ ಮಾಡಬೇಡಿ, ನೇರವಾಗಿ ದುರಸ್ತಿಯವರ ಬಳಿ ಒಯ್ಯಿರಿ. ಅಕ್ಕಿಯ ಡಬ್ಬದಲ್ಲಿ ಹೂತಿಡುವುದರಿಂದ ಒಳಗಿನ ಉಪ್ಪು ಹೋಗುವುದಿಲ್ಲ, ಅಕ್ಕಿಯ ಹಿಟ್ಟು ಸೇರಿಕೊಳ್ಳುತ್ತದೆ ಅಷ್ಟೆ.

ನಮ್ಮ ಕರಾವಳಿಯಲ್ಲಿ ನೀರಿಗೆ ಇಳಿಯದೆಯೂ ಲೆನ್ಸ್ ಹಾಳಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಚರ್ಮದ ಚೀಲದಲ್ಲಿಟ್ಟ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು ಹಬ್ಬುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆಗೆ ಒಂದು ಅಗ್ಗದ ತೇವಾಂಶ ಮಾಪಕವನ್ನೂ ಇಡಿ. ಮುಳ್ಳು 45ರಿಂದ 50ರ ನಡುವೆ ಇರಲಿ. ಎಸಿ ಕೋಣೆಯಿಂದ ಕ್ಯಾಮೆರಾವನ್ನು ನೇರವಾಗಿ ಕಡಲತೀರಕ್ಕೆ ತಂದರೆ ಲೆನ್ಸ್ ಮೇಲೆ ಮಂಜು ಕವಿಯುತ್ತದೆ. ಮುಚ್ಚಿದ ಚೀಲದೊಳಗೇ ಅರ್ಧ ಗಂಟೆ ಇಟ್ಟು, ಹೊರಗಿನ ಬಿಸಿಗೆ ಹೊಂದಿದ ಮೇಲೆ ತೆಗೆಯಿರಿ.

ಮಲೆನಾಡ ಮಳೆ (ಸಾಗರ):
ಒಂದು ವಿನಂತಿ. ಅಲೆ ಬಡಿಯುವ ಬಂಡೆಗಳ ಮೇಲೆ, ಜಲಪಾತದ ನೆತ್ತಿಯಲ್ಲಿ, ಅಣೆಕಟ್ಟಿನ ಕೆಳಗಿನ ಹೊಳೆಯ ಪಾತ್ರದಲ್ಲಿ ನಿಂತು ಚಿತ್ರ ತೆಗೆಯುವ ಉತ್ಸಾಹ ಯಾರಿಗೂ ಬೇಡ. ಕಪ್ಪಗೆ ಮಿರುಗುವ ಬಂಡೆಯೆಂದರೆ ಪಾಚಿ ಕಟ್ಟಿದ ಬಂಡೆ. ಲಿಂಗನಮಕ್ಕಿಯಂಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮೋಡವಿಲ್ಲದ ದಿನದಲ್ಲೂ ಹೊಳೆ ಏರುತ್ತದೆ. ಕಡಲಿಗೆ ಟ್ರೈಪಾಡ್ ಒಯ್ಯುವವರು ಅದನ್ನು ಬಿಚ್ಚುವ ಮೊದಲು ಕಾಲು ಗಂಟೆ ಸುಮ್ಮನೆ ನಿಂತು, ಅತಿ ದೊಡ್ಡ ಅಲೆ ಎಲ್ಲಿಯವರೆಗೆ ಬಂತೆಂದು ನೋಡಿಕೊಳ್ಳಿ. ನಮ್ಮ ಊರಿನ ಹುಡುಗರಿಬ್ಬರನ್ನು ಹೊಳೆಯಿಂದ ಎತ್ತಿದ ದಿನ ನಾನು ದಡದಲ್ಲಿದ್ದೆ. ಅವರ ಫೋನು ಬಂಡೆಯ ಮೇಲೆ ಒಣಗಿಯೇ ಇತ್ತು. ಆದ್ದರಿಂದ ಹೇಳುತ್ತಿದ್ದೇನೆ.

ನದಿಪಾತ್ರ (ಶ್ರೀರಂಗಪಟ್ಟಣ):
ಡ್ರೋನ್ ಬಗ್ಗೆ ಇಬ್ಬರು ಖಾಸಗಿಯಾಗಿ ಕೇಳಿದ್ದಾರೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಹಾರಿಸುವಂತಿಲ್ಲ. ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರಿಳಿದಾಗ ಮೇಲೇಳುವ ದ್ವೀಪಗಳಲ್ಲಿ ರೀವಗಳು ಬರಿನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ತಲೆಯ ಮೇಲೆ ಏನೇ ಹಾರಿದರೂ ಅವಕ್ಕೆ ಅದು ಹದ್ದೇ. ಇಡೀ ಗುಂಪು ಎದ್ದುಬಿಡುತ್ತದೆ, ಮೊಟ್ಟೆಗಳು ಬಿಸಿಲಿಗೆ ಬೀಳುತ್ತವೆ.

ಕಾವೇರಿ ತೀರ (ಮೈಸೂರು):
ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಈ ದಿನ ಬೆಳಗಿನ ಮೊದಲ ದೋಣಿಯಲ್ಲಿ ಮತ್ತೆ ಹೋಗಿ ಬಂದೆ. ಫಿಲ್ಟರ್ ಕೊಳ್ಳಲಿಲ್ಲ. ಮೊಣಕೈಗಳನ್ನು ಮಂಡಿಯ ಮೇಲೂರಿ, ಶಟರ್ ವೇಗ 1/1250, ಮೈನಸ್ ಮುಕ್ಕಾಲು ಇಟ್ಟುಕೊಂಡು, ಹುಟ್ಟು ಮೇಲೆದ್ದಾಗಲಷ್ಟೇ ಗುಂಡಿ ಒತ್ತಿದೆ. ಒಟ್ಟು ಮೂವತ್ತೆಂಟು ಚಿತ್ರ ತೆಗೆದಿದ್ದೇನೆ, ಹನ್ನೊಂದು ನನಗೆ ಒಪ್ಪಿಗೆಯಾಗಿವೆ. ಒಂದರಲ್ಲಿ ಬಾಯಿಕಳಕ ಕೊಕ್ಕರೆಯೊಂದು ಆಳವಿಲ್ಲದ ನೀರಿನಲ್ಲಿ ನಿಂತು ಬಸವನಹುಳುವನ್ನು ಕೊಕ್ಕಿನ ತುದಿಯಲ್ಲಿ ಹಿಡಿದಿದೆ. ಕೊಕ್ಕಿನ ನಡುವಿನ ಸಂದಿಯ ಮೂಲಕ ಆಚೆಯ ನೀರು ಕಾಣುತ್ತದೆ, ಚಿಪ್ಪಿನಿಂದ ಬಿದ್ದ ಹನಿ ಇನ್ನೂ ನೀರು ಮುಟ್ಟಿಲ್ಲ. ಎದೆಯ ಗರಿಗಳು ಒಂದೊಂದಾಗಿ ಎಣಿಸುವ ಹಾಗಿವೆ. ನೇತ್ರಾಣಿಯಲ್ಲಿ ಮೊದಲ ಡೈವಿಗೆ ಕ್ಯಾಮೆರಾ ಒಯ್ಯುವುದಿಲ್ಲವೆಂದು ತಂಗಿಗೂ ಹೇಳಿದ್ದೇನೆ; ಅವಳು ಒಪ್ಪಿದ್ದಾಳೆ. ಸ್ನಾರ್ಕೆಲ್ ಮಾಡುವಾಗ ಬಳಸಲು ಸ್ನೇಹಿತರೊಬ್ಬರ ಕವಚ ಸಿಕ್ಕಿದೆ. ಅದರ ಬಳೆಯನ್ನು ಟಾರ್ಚ್ ಹಿಡಿದು ನೋಡಿದೆ, ಒಂದು ಕಡೆ ಸಣ್ಣ ಸೀಳು ಕಾಣುತ್ತಿದೆ. ಇದಕ್ಕೆ ಗ್ರೀಸ್ ಹಚ್ಚಿದರೆ ಸಾಕೇ, ಬಳೆಯನ್ನೇ ಬದಲಿಸಬೇಕೇ?

ಕಡಲಕರೆ (ಕುಂದಾಪುರ):
ಬದಲಿಸಲೇಬೇಕು. ಗ್ರೀಸ್ ಇರುವುದು ಬಳೆ ಜಾರಿ ಸರಿಯಾಗಿ ಕೂರಲಿ ಎಂದು. ಅದು ಸೀಳನ್ನು ಮುಚ್ಚುವುದಿಲ್ಲ. ಕವಚದ ಮಾದರಿಯ ಸಂಖ್ಯೆ ಹೇಳಿ ಅದೇ ಅಳತೆಯ ಎರಡು ಬಳೆ ತರಿಸಿ, ಒಂದನ್ನು ಹಾಕಿ, ಇನ್ನೊಂದನ್ನು ಪ್ರಯಾಣದ ಚೀಲದಲ್ಲಿಟ್ಟುಕೊಳ್ಳಿ.